ಭಾರಕ್ಕೆ ಹಾಕಿದ ಮಣ್ಣು

೧೯೫೨ ಜೂನ್ ೩, ಮಂಗಳವಾರ. ಬಳ್ಳಾರಿ

ಮೊಮ್ಮಗಳು ಹೊನ್ನೂರಿ ಇಂದು ಸಾಲೆಯಿಂದ ಒಂದು ಅಚ್ಚಿನ ಕರಪತ್ರ ತಂದಳು. ಊರಿನ ಬಾಲಸಂಘದವರು, ತಂದೆ ಮಕ್ಕಳು ಕೂಡಿ ಕಟ್ಟಿದ ಆಟದ ಮೋಟಾರುಗಳ ಪಂದ್ಯವನ್ನು ಏರ್ಪಡಿಸಿದ್ದಾರೆ. ಮರದ ಗಾಡಿ, ನಾಲ್ಕು ಗಾಲಿ. ಯಂತ್ರ ಕೂಡದು, ಕೀಲಿ ಕೂಡದು. ಇಳಿಜಾರು ಹಲಗೆಯ ಮೇಲೆ ಬಿಟ್ಟರೆ ತನ್ನ ಭಾರದಿಂದಲೇ ಓಡಬೇಕು. ತೂಕ ನಲವತ್ತು ತೊಲ ಮೀರಬಾರದು. ಬಡಗಿಯ ಕೈ ತಾಗಬಾರದು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಮೊದಲ ಸುತ್ತು. ಆಯ್ಕೆಯಾದವರಿಗೆ ಜುಲೈ ಆರರಂದು ಇಲ್ಲಿನ ಹತ್ತಿ ಗೋದಾಮಿನಲ್ಲಿ ಕೊನೆಯ ಪಂದ್ಯ. ಕರಪತ್ರದಲ್ಲಿ ಕಾಗುಣಿತದ ತಪ್ಪುಗಳಿದ್ದವು. ಕನ್ನಡಕ ಹಾಕಿಕೊಂಡು ಕೆಂಪು ಮಸಿಯಿಂದ ತಿದ್ದಿಟ್ಟೆ.

ಅದನ್ನು ಹರಿದು ಒಲೆಗೆ ಹಾಕುವವಳಿದ್ದೆ. ಆಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ಕುರುಗೋಡಿನ ಸುತ್ತಿನ ವ್ಯವಸ್ಥೆ: ಶ್ರೀ ಚಂದ್ರಣ್ಣ, ಸೈಕಲ್ ಷಾಪು.

ಶ್ರೀ! ನನ್ನ ಮಗಳನ್ನೂ ನಾಲ್ಕು ವರ್ಷದ ಕೂಸನ್ನೂ ನನ್ನ ಮನೆಯಲ್ಲಿ ಬಿಟ್ಟು, ಅಂಗಡಿ ಹಾಕಿ ಬರುತ್ತೇನೆಂದು ಹೋದವನು. ಅಂಗಡಿಯನ್ನು ಹಾಕಿದ. ಬರುವುದನ್ನು ಮರೆತ. ಸುಂಕಮ್ಮನೆಂಬ ವಿಧವೆಯ ಮನೆಯಲ್ಲಿ ಆರು ವರ್ಷದಿಂದ ಊಟ ಮಾಡುತ್ತಿದ್ದಾನೆ. ಎರಡನೆಯ ಮದುವೆಗೆ ಈಗ ಕಾನೂನಿನ ಅಡ್ಡಿ ಇರುವುದರಿಂದ ತಾಳಿ ಕಟ್ಟಿಲ್ಲ; ಉಳಿದುದನ್ನೆಲ್ಲ ಮಾಡಿದ್ದಾನೆ. ಆಕೆಯ ಮಗನ ಜೊತೆ ಈ ಪಂದ್ಯದಲ್ಲಿ ತಾನೂ ಗಾಡಿ ಓಡಿಸುವನಂತೆ. ಹಾಗೆಂದು ಹೊನ್ನೂರಿಯೇ ಸಾಲೆಯಲ್ಲಿ ಕೇಳಿಕೊಂಡು ಬಂದಿದ್ದಾಳೆ.

"ಅಜ್ಜೀ, ನಾನೂ ಗಾಡಿ ಮಾಡಿದ್ರ ಅಪ್ಪ ನೋಡ್ತಾನಲ್ಲ?" ಎಂದಳು.

ನೋಡುತ್ತಾನೆ. ಇಡೀ ಊರಿನ ಮುಂದೆ, ತಲೆ ತಗ್ಗಿಸಿ ನೋಡುವಂತೆ ಮಾಡುತ್ತೇನೆ.

ಜೂನ್ ೫, ಗುರುವಾರ

ಬಾಲಸಂಘದ ಕಾರ್ಯದರ್ಶಿ ಜಡೆಪ್ಪನಲ್ಲಿಗೆ ಹೋಗಿದ್ದೆ. ಒಂದನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿತವನು. ಎದ್ದು ನಿಂತ, ಕುರ್ಚಿಯನ್ನು ತನ್ನ ಪಂಚೆಯ ತುದಿಯಿಂದ ಒರೆಸಿದ. ಹೆಸರನ್ನು ಬರೆದುಕೊಳ್ಳಲು ಮಾತ್ರ ಒಪ್ಪಲಿಲ್ಲ.

"ತಂದಿ ಬೇಕಂತ ರೂಲ್ ಐತ್ರಿ ಟೀಚರಮ್ಮ."

"ತಂದಿ ಇಲ್ಲದ ಮಕ್ಕಳು ಏನ್ ಮಾಡಬೇಕಪ್ಪಾ?"

"ಸತ್ತಿದ್ರ ಬ್ಯಾರೆ ಮಾತ್ರಿ. ಚಂದ್ರಣ್ಣ ಗಟ್ಟಿಮುಟ್ಟಾಗಿ ಅದಾನಲ್ರೀ. ಮೊನ್ನೆ ನನ್ನ ಸೈಕಲ್ಲಿಗೆ ಪಂಕ್ಚರ್ ಹಾಕ್ಯಾನ."

ಪಕ್ಕದಲ್ಲಿ ಕುಳಿತಿದ್ದವರು ನಕ್ಕರು. ನಾನು ನಗುವವರೆಲ್ಲರ ಮುಖವನ್ನೂ ಒಬ್ಬೊಬ್ಬರಂತೆ ನೋಡಿದೆ. ತರಗತಿಯಲ್ಲಿ ಹೀಗೆ ನೋಡಿದರೆ ಸಾಕಾಗುತ್ತಿತ್ತು, ಈಗಲೂ ಸಾಕಾಯಿತು. ಆಮೇಲೆ ಜಡೆಪ್ಪನ ಬಲಗೈ ಹಿಡಿದು, ಈ ಬೆರಳನ್ನು ಮರಳಿನ ಮೇಲೆ ಆಡಿಸಿ ಅಕ್ಷರ ತಿದ್ದಿಸಿದವಳು ನಾನು, ಇದೇ ಬೆರಳಿನಿಂದ ಈಗ ನನ್ನ ಮೊಮ್ಮಗಳ ಹೆಸರನ್ನು ಬರೆ ಎಂದೆ. ಬರೆದ. ಹೊನ್ನೂರಮ್ಮ, ತಾಯಿ ಪಾರಮ್ಮ, ಬಳ್ಳಾರಿ.

ತಂದೆಯ ಹೆಸರಿಗೆಂದು ಬಿಟ್ಟಿದ್ದ ಸ್ಥಳದಲ್ಲಿ ಗೀಟು ಎಳೆಯಲು ಹೇಳಿದೆ. ಸೊಟ್ಟಗೆ ಎಳೆದ. ಅಳತೆಪಟ್ಟಿ ತರಿಸಿ ಮತ್ತೆ ಎಳೆಸಿದೆ.

ಜೂನ್ ೮, ಭಾನುವಾರ

ಸಿರುಗುಪ್ಪಕ್ಕೆ ಹೋಗಿ ಬಂದೆ. ನಾನು ನಿವೃತ್ತಳಾದ ಹೆಣ್ಣುಮಕ್ಕಳ ಸಾಲೆಯಲ್ಲಿ ಹಂಪಕ್ಕ ಇನ್ನೂ ಕೆಲಸದಲ್ಲಿದ್ದಾಳೆ. ಮುರಿದ ಡೆಸ್ಕುಗಳ ರಾಶಿಯಿಂದ ಒಂದು ತೇಗದ ಮುಚ್ಚಳವನ್ನು ಆರಿಸಿಕೊಟ್ಟಳು. ಒಣಗಿ ಕಲ್ಲಿನಂತಾದ ಮರ. ಒಂದು ಗಂಟೂ ಇಲ್ಲ.

ಏಕೆ, ಏನು ಎಂದು ಕೇಳಿದಳು. ಹೇಳಿದೆ. ಚಹಾ ಸೋಸುತ್ತ, "ಅಕ್ಕಾ, ಸಿಟ್ಟು ನಿಮ್ಮದು. ಹುಡುಗಿ ಕೈಯಾಗ ಯಾಕ ಕೊಡ್ತೀರಿ?" ಎಂದಳು.

ಹಂಪಕ್ಕ ಒಳ್ಳೆಯವಳು, ಆದರೆ ಆಕೆಯ ತರಗತಿಯಲ್ಲಿ ಎಂದೂ ಶಿಸ್ತು ಇರಲಿಲ್ಲ. ಚಹಾ ಕುಡಿದು ಬಸ್ಸು ಹಿಡಿದೆ. ಮುಚ್ಚಳವನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದೆ. ತೆಕ್ಕಲಕೋಟೆಯಲ್ಲಿ ಹತ್ತಿದ ಒಬ್ಬಾಕೆ, ದೇವರ ಪಟವೇನಮ್ಮ ಎಂದು ಕೇಳಿದಳು. ಇರಬಹುದು ಎಂದೆ.

ಜೂನ್ ೧೨, ಗುರುವಾರ

ಗಾಡಿಯ ಒಡಲು ಸಿದ್ಧವಾಗುತ್ತಿದೆ. ಕೊಯ್ದದ್ದು ನಾನು, ಗಾಜಿನ ಚೂರಿನಿಂದ ಹೆರೆದು ನಯ ಮಾಡುತ್ತಿರುವವಳು ಹೊನ್ನೂರಿ. ಗಾಲಿಗಳಿಗೆ ಪಾರಮ್ಮನ ಹೊಲಿಗೆ ಯಂತ್ರದ ಖಾಲಿ ದಾರದ ರೀಲುಗಳು. ರೀಲಿನ ತೂತು ದೊಡ್ಡದಾದ್ದರಿಂದ ಬಿದಿರಿನ ಬಿರಡೆ ಬಡಿದು, ನಡುವೆ ಕಾದ ಸೂಜಿಯಿಂದ ಸಣ್ಣ ತೂತು ಕೊರೆದೆವು.

ಅಚ್ಚಿಗೆ ಏನು ಎಂಬ ಪ್ರಶ್ನೆ ಎರಡು ದಿನ ಕಾಡಿತ್ತು. ಇಂದು ಬಗೆಹರಿಯಿತು. ಮದುವೆಯ ನಂತರದ ಮೊದಲ ದೀಪಾವಳಿಗೆ ಅಳಿಯನಿಗೆಂದು ನಾನೇ ಕೊಟ್ಟ ಕೊಡೆ ಗೋಡೆಯ ಮೊಳೆಗೆ ತೂಗುತ್ತಿದೆ. ಮದರಾಸಿನಿಂದ ತರಿಸಿದ್ದು, ಉಕ್ಕಿನ ಕಡ್ಡಿಗಳು. ಹೋಗುವಾಗ ಬಿಟ್ಟು ಹೋಗಿದ್ದ. ಬಿಸಿಲಿನ ದಿನವಾಗಿತ್ತು, ಮಳೆಯ ಲಕ್ಷಣ ಇರಲಿಲ್ಲ; ಬಂದು ಒಯ್ಯುತ್ತೇನೆ ಎಂದಿದ್ದ.

ಹೊನ್ನೂರಿ ಈ ಕೊಡೆಯನ್ನು ಬಿಚ್ಚಿ ಪಡಸಾಲೆಯಲ್ಲಿ ನೆಲದ ಮೇಲಿಟ್ಟು, ಅದರ ಅಡಿಯಲ್ಲಿ ಕುಳಿತು ಮನೆಯಾಟ ಆಡುವ ರೂಢಿ ಮಾಡಿಕೊಂಡಿದ್ದಾಳೆ. ಇನ್ನೊಬ್ಬರಿಗೆ ಜಾಗ ಬಿಟ್ಟವಳಂತೆ ಯಾವಾಗಲೂ ಒಂದು ಅಂಚಿಗೆ ಮುದುಡಿ ಕೂಡುತ್ತಾಳೆ. ಬೆನ್ನು ಬಾಗುತ್ತದೆ, ನಡುವೆ ಕೂಡು ಎಂದು ಹಲವು ಸಲ ಹೇಳಿದ್ದೇನೆ.

ಅರಿವೆಯನ್ನು ಬಿಚ್ಚಿ, ಮೊದಲ ಕಡ್ಡಿಯನ್ನು ಮುರಿದೆ. ಟಣ್ ಎಂದಿತು. ಒಳಗೆ ಹೊಲಿಗೆ ಯಂತ್ರ ನಿಂತಿತು.

"ಅಪ್ಪ ಬಂದು ಕೊಡಿ ಎಲ್ಲೈತಿ ಅಂದ್ರ?" ಎಂದು ಹೊನ್ನೂರಿ ಕೇಳಿದಳು.

"ಕೇಳ್ಲಿ. ಕೇಳಾಕಾದರೂ ಬರಲಿ."

ಎರಡನೆಯದನ್ನು ಅವಳ ಕೈಗೇ ಕೊಟ್ಟೆ. ಬಾಗಿಸಿದಳು, ಮುರಿಯಲಾಗಲಿಲ್ಲ. ಅವಳ ಮುಷ್ಟಿಗಳ ಮೇಲೆ ನನ್ನ ಮುಷ್ಟಿಗಳನ್ನಿಟ್ಟು ಒತ್ತಿದೆ. ಸ್ವಲ್ಪ ಅತ್ತಳು, ಕಡ್ಡಿಯ ಅಂಚು ಅಂಗೈಗೆ ತಾಗಿರಬೇಕು. ಅರಿಷಿಣ ಹಚ್ಚಿದೆ.

ಪಾರಮ್ಮ ಬಾಗಿಲಲ್ಲಿ ನಿಂತು ಹೇಳಿದಳು: "ಯವ್ವಾ, ನೀನು ಆಟದ ಗಾಡಿ ಮಾಡಾಕತ್ತೀಯೋ, ಚೂರಿ ಮಸಿಯಾಕತ್ತೀಯೋ?"

ಆರು ವರ್ಷ ಸುಮ್ಮನೆ ಹೊಲಿದುಕೊಂಡು ಕುಳಿತವಳಿಗೆ ಎರಡಕ್ಕೂ ವ್ಯತ್ಯಾಸ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಜೂನ್ ೧೭, ಮಂಗಳವಾರ

ಪ್ರಯೋಗ ವಿಫಲ. ಹಲಗೆಯ ಅರ್ಧಕ್ಕೆ ಗಾಡಿ ನಿಂತಿತು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದೆವು. ಈ ಊರಿನ ಕೆಂಪು ಧೂಳು ಎಣ್ಣೆಗೆ ಕೂಡಿ ಕೆಸರಾಗಿದೆ. ಊಟ ರುಚಿಸಲಿಲ್ಲ.

ಜೂನ್ ೧೮, ಬುಧವಾರ

ಬಳಪ! ಮೂವತ್ತು ವರ್ಷ ಬೆರಳ ಸಂದಿಯಲ್ಲಿ ಜಾರಿದ್ದು ಏತಕ್ಕೆ ಜಾರುತ್ತಿತ್ತೆಂದು ನಾನು ಯೋಚಿಸಿರಲಿಲ್ಲ. ತರಗತಿಯಲ್ಲಿ ಡೆಸ್ಕಿನ ಖಾನೆ ಬಿಗಿಯಾದರೆ ನಾನೇ ಬಳಪದ ಪುಡಿ ಉಜ್ಜುತ್ತಿದ್ದೆ. ಎಣ್ಣೆಯನ್ನೆಲ್ಲ ಒರೆಸಿ, ಬೂದಿಯಿಂದ ತಿಕ್ಕಿ, ಉಳಿದ ಬಳಪದ ತುಂಡುಗಳನ್ನು ಒರಳಿನಲ್ಲಿ ಅರೆದು, ಅರಿವೆಯಲ್ಲಿ ಸೋಸಿ, ಅಚ್ಚಿಗೆ ಹಚ್ಚಿದೆವು. ಗಾಲಿಯನ್ನು ಬೆರಳಿನಿಂದ ತಿರುವಿದರೆ ಹೊನ್ನೂರಿ ಮಗ್ಗಿ ಹೇಳಿ ಮುಗಿಸುವವರೆಗೂ ತಿರುಗುತ್ತದೆ. ಒಣ ಪುಡಿ, ಧೂಳು ಹಿಡಿಯುವುದಿಲ್ಲ.

ಸೈಕಲ್ಲಿನವನೇ, ನಿನ್ನ ಅಂಗಡಿಯಲ್ಲಿ ಇದು ಇಲ್ಲ.

ಜೂನ್ ೨೨, ಭಾನುವಾರ

ಮಣ್ಣೆತ್ತಿನ ಅಮಾವಾಸ್ಯೆ. ಪಾರಮ್ಮ ಕೆರೆಯ ಮಣ್ಣು ತಂದು ಜೋಡಿ ಎತ್ತು ಮಾಡಿ ಪೂಜಿಸಿದಳು. ಉಳಿದ ಮಣ್ಣಿನಲ್ಲಿ ಹೊನ್ನೂರಿ ಒಂದು ಗೊಂಬೆ ಮಾಡಿದಳು. ಪಂಚೆ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಬೇವಿನ ಕಡ್ಡಿಗೆ ಎಲೆ ಚುಚ್ಚಿ ಮಾಡಿದ ಕೊಡೆ. ಗಾಡಿಯ ಮೇಲೆ ಕೂಡಿಸಿದಳು.

"ಇದ್ಯಾರು?"

"ಗಾಡಿ ಹೊಡಿಯೋರು."

ಗೊಂಬೆಯನ್ನು ಕೂಡಿಸಿದರೆ ಗಾಳಿಗೆ ಅಡ್ಡಿಯಾಗಿ ಓಟ ಕುಂಠಿತವಾಗುತ್ತದೆಂದು ವಿವರಿಸಿದೆ. ತಿಳಿಯಿತು ಎಂದಳು, ತೆಗೆಯಲಿಲ್ಲ. ಮೊದಲ ಸುತ್ತಿಗೆ ಇರಲೆಂದು ಬಿಟ್ಟೆ. ಹಬ್ಬದ ದಿನ.

ಜೂನ್ ೨೮, ಶನಿವಾರ

ಬಳ್ಳಾರಿಯ ಸುತ್ತು. ಎರಡನೆಯ ಸ್ಥಾನ. ಇಬ್ಬರನ್ನು ಆರಿಸುವ ನಿಯಮವಿದ್ದುದರಿಂದ ಮಾನ ಉಳಿಯಿತು. ಗೊಂಬೆಯ ಕೊಡೆಯೇ ಗಾಳಿಯನ್ನು ಹಿಡಿದು ಎಳೆಯಿತು, ನಾನು ಕಣ್ಣಾರೆ ಕಂಡೆ. ಸೋತವರಿಗೆ ಕೊಡುವ ಪೆಪ್ಪರಮಿಂಟನ್ನು ಅವಳಿಗೂ ಕೊಟ್ಟರು, ಹಿಂದಿರುಗಿಸಲು ಹೇಳಿದೆ. ಹಿಂದಿರುಗಿಸಿದಳು.

ನಾಳೆ ಕುರುಗೋಡಿನ ಸುತ್ತು. ಹೋಗುತ್ತೇನೆ. ವೈರಿಯ ಗಾಡಿಯನ್ನು ನೋಡದೆ ಕಾದಾಟಕ್ಕೆ ಇಳಿಯುವುದು ಮೂರ್ಖತನ.

ಜೂನ್ ೨೯, ಭಾನುವಾರ

ಕುರುಗೋಡಿನ ಗುಡ್ಡದ ಬುಡದಲ್ಲಿ ಹಲಗೆ ಕಟ್ಟಿದ್ದರು. ಮರದ ನೆರಳಿನಲ್ಲಿ ನಿಂತು ನೋಡಿದೆ. ಅವನ ಗಾಡಿ ನೀಲಿ ಬಣ್ಣದ್ದು. ಗಾಲಿಗೆ ಸೈಕಲ್ಲಿನ ಉಕ್ಕಿನ ಗುಂಡುಗಳನ್ನು ಹಾಕಿ ಮೇಣದಂತಹ ಗ್ರೀಸು ತುಂಬಿದ್ದಾನೆ. ಅದು ಓಡುವಾಗ ಇವನೂ ಹಲಗೆಯ ಪಕ್ಕದಲ್ಲಿ ಪಂಚೆ ಎತ್ತಿಕೊಂಡು ಓಡಿದ. ಗೆದ್ದ ಕೂಡಲೇ ಆ ಹುಡುಗನನ್ನು, ಉಚ್ಚೆಂಗಿ ಎಂಬುದು ಅವನ ಹೆಸರು, ಹೆಗಲ ಮೇಲೆ ಕೂಡಿಸಿಕೊಂಡು ಕುಣಿದ. ಸುಂಕಮ್ಮ ಸೆರಗಿನಿಂದ ಇಬ್ಬರ ಮುಖವನ್ನೂ ಒರೆಸಿದಳು. ಒಂದೇ ಸೆರಗು.

ಹೊರಡುವಾಗ ಅವನ ಕಣ್ಣಿಗೆ ಬಿದ್ದೆ. ಹೆಗಲ ಮೇಲಿನ ಹುಡುಗನನ್ನು ಇಳಿಸಿ, ಓಡುತ್ತ ಬಂದ. ಕಾಲಿಗೆ ಎರಗಲು ಬಾಗಿದ. ಒಂದು ಹೆಜ್ಜೆ ಹಿಂದೆ ಸರಿದೆ.

"ಅತ್ತೀ, ಹೊನ್ನೂರಿ ಹೆಂಗದಾಳ್ರಿ? ಆಕೀನೂ ಪಂದ್ಯಕ್ಕ ಅದಾಳಂತ ಜಡೆಪ್ಪ ಹೇಳಿದ. ನಾ ಬರೋದು ಆಕಿಗೆ ಗೊತ್ತೈತೇನ್ರಿ? ನಾ ಕೇಳಿದೆ ಅಂತ ಹೇಳ್ರಿ."

ನಾನು ಬಸ್ಸು ಹತ್ತಿದೆ.

ಮನೆಗೆ ಬಂದು ಹೊನ್ನೂರಿಯನ್ನು ಎದುರಿಗೆ ಕೂಡಿಸಿಕೊಂಡು, ಕಂಡದ್ದನ್ನೆಲ್ಲ ಪಾಠ ಹೇಳುವಂತೆ ಕ್ರಮವಾಗಿ ಹೇಳಿದೆ. ನೀಲಿ ಬಣ್ಣ, ಗುಂಡುಗಳು, ಪಂಚೆ ಎತ್ತಿ ಓಡಿದ್ದು, ಹೆಗಲು, ಕುಣಿತ, ಸೆರಗು. ಹೆಗಲಿನ ಭಾಗವನ್ನು ಅವಳು ಎರಡನೆಯ ಸಲ ಹೇಳಿಸಿದಳು.

"ಅಪ್ಪ ನನ್ನ ಕೇಳಿದನಾ?"

ನಾನು ಕಂಡದ್ದನ್ನು ಹೇಳಿದ್ದೆ. ಕೇಳಿಸಿಕೊಂಡದ್ದನ್ನು ಹೇಳುವ ಅಗತ್ಯ ಕಾಣಲಿಲ್ಲ. ಗಂಜಿ ಆರುತ್ತದೆ, ಉಣ್ಣು ಎಂದೆ.

ಜೂನ್ ೩೦, ಸೋಮವಾರ

ಮಗು ಬುದ್ಧಿವಂತೆ. ಈ ಮಾತನ್ನು ನಾನು ಸುಲಭವಾಗಿ ಬರೆಯುವವಳಲ್ಲ.

ಗಾಡಿಯ ತೂಕ ಸಾಲದೆಂದು, ಒಡಲಿನ ಅಡಿಯಲ್ಲಿ ಗೂಡು ಕೊರೆದು ಏನನ್ನಾದರೂ ತುಂಬಬೇಕೆಂದು ಬೆಳಿಗ್ಗೆ ಹೇಳಿದ್ದೆ. ಸಂಜೆ ಸಾಲೆಯಿಂದ ಬಂದವಳು ಚೀಲವನ್ನು ಗೂಟಕ್ಕೆ ಹಾಕಿ, ಗೊಂಬೆಯನ್ನು ಗಾಡಿಯಿಂದ ಎತ್ತಿ, "ಭಾರಕ್ಕ ಇದು ಸಾಕಲ್ಲ?" ಎಂದಳು. ಬೇವಿನ ಕೊಡೆಯನ್ನು ಕಿತ್ತಿಟ್ಟಳು. ಒಣಗಿದ ಗೊಂಬೆಯನ್ನು ಒರಳಿಗೆ ಹಾಕಿ ಕುಟ್ಟಿದಳು; ತಲೆ ಮೊದಲು, ಆಮೇಲೆ ಉಳಿದದ್ದು. ನೀರು ಹಾಕಿ ಕಲಸಿ, ಗೂಡಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು. ನಾನು ಎಣ್ಣೆ ದೀಪ ಹಚ್ಚಿ ಬರುವಷ್ಟರಲ್ಲಿ ಗೂಡಿನ ಬಾಯಿಗೆ ಹಲಗೆಯ ತುಂಡು ಬಡಿದಾಗಿತ್ತು.

ಸಾಲೆಯಲ್ಲಿ ತೂಕದ ಲೆಕ್ಕ ಕಲಿಸಲು ನಾನು ಇಟ್ಟುಕೊಂಡಿದ್ದ ತಗಡಿನ ತಕ್ಕಡಿಯಲ್ಲಿ ತೂಗಿದೆವು. ಸರಿಯಾಗಿ ನಲವತ್ತು ತೊಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಪಾರಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದು ಹೋದಳು. ಎರಡು ರೊಟ್ಟಿ ಸೀದವು.

ಜುಲೈ ೩, ಗುರುವಾರ

ಬರೆಯುವಂಥದ್ದು ಏನೂ ಇಲ್ಲ. ಹೊನ್ನೂರಿ ಮಾತು ಕಡಿಮೆ ಮಾಡಿದ್ದಾಳೆ. ವ್ಯರ್ಥ ಪ್ರಶ್ನೆಗಳು ನಿಂತಿವೆ. ಬೆನ್ನು ನೇರ ಮಾಡಿ ಕೂಡುತ್ತಾಳೆ. ಕೊಡೆಯ ಉಳಿದ ಕಡ್ಡಿಗಳನ್ನು ತಾನೊಬ್ಬಳೇ ಮುರಿದು ಕಟ್ಟು ಕಟ್ಟಿಟ್ಟಿದ್ದಾಳೆ. ಬೇಕಾಗಬಹುದು, ಎಂದಳು.

ಜುಲೈ ೬, ಭಾನುವಾರ

ಇದನ್ನು ಸಾವಧಾನವಾಗಿ ಬರೆಯುತ್ತೇನೆ. ಆರು ವರ್ಷ ಕಾದಿದ್ದೇನೆ.

ಬೆಳಿಗ್ಗೆ ಹೊರಡುವ ಮುನ್ನ ತೂಗಿದರೆ ಗಾಡಿ ಹಗುರವಾಗಿದೆ! ಮೊದಲು ತಕ್ಕಡಿಯನ್ನು ಸಂಶಯಿಸಿದೆ, ಆಮೇಲೆ ತೂಕದ ಬೊಟ್ಟುಗಳನ್ನು. ಹೊನ್ನೂರಿ, "ಮಣ್ಣು ಒಣಗೇತಿ ಅಜ್ಜೀ. ಅವತ್ತು ಹಸಿ ಇತ್ತು," ಎಂದಳು. ಕೆರೆಯ ಮಣ್ಣು ಇಷ್ಟೊಂದು ನೀರು ಕುಡಿಯುವಂಥದ್ದೆಂದು ಯಾರಿಗೆ ತಿಳಿದಿತ್ತು. ದೋಷ ಮಣ್ಣಿನದು. ನಾನು ಯೋಚಿಸುತ್ತಿರುವಾಗಲೇ ಅವಳು ಕೊಡೆಯ ತುದಿಯ ಹಿತ್ತಾಳೆಯ ಕುಪ್ಪಿಗೆಯನ್ನು ತಂದು, ಗೂಡನ್ನು ಬಿಚ್ಚಿ, ಒಣಮಣ್ಣಿನೊಳಗೆ ಕಲ್ಲಿನಿಂದ ಬಡಿದು ಕೂಡಿಸಿದಳು. ನಲವತ್ತಾಯಿತು.

ಗೋದಾಮು ಕಿಕ್ಕಿರಿದಿತ್ತು. ಹತ್ತಿಯ ಅಂಡಿಗೆಗಳನ್ನು ಗೋಡೆಗೆ ಸರಿಸಿ, ನಡುವೆ ಎತ್ತರದಿಂದ ನೆಲದವರೆಗೆ ಹಲಗೆ ಇಳಿಬಿಟ್ಟಿದ್ದರು. ಬಿಸಿಲಿನ ಕೋಲುಗಳಲ್ಲಿ ಹತ್ತಿಯ ಸಣ್ಣ ಎಳೆಗಳು ಹಾರಾಡುತ್ತಿದ್ದವು. ಹೆಂಗಸರ ಸಾಲಿನಿಂದ ಸುಂಕಮ್ಮ, "ಪಂತುಲಮ್ಮಾ, ಇಲ್ಲಿ ಬರ್ರಿ, ಜಾಗ ಐತಿ," ಎಂದು ಕರೆದಳು. ಟೀಚರನ್ನು ಅವಳ ಕಡೆಯವರು ತೆಲುಗಿನಂತೆ ಹಾಗೆ ಕರೆಯುತ್ತಾರೆ. ನಾನು ನಿಂತೇ ನೋಡಿದೆ. ಪಾರಮ್ಮ ಹೋಗಿ ಆ ಜಾಗದಲ್ಲಿ ಕುಳಿತಳು!  ಒಂದೇ ಚಾಪೆ.

ಉಚ್ಚೆಂಗಿ ಬಂದು ನಮ್ಮ ಗಾಡಿಯನ್ನು ಬಗ್ಗಿ ನೋಡಿದ.

"ಲೇ, ಗಾಲಿ ದಾರದ ರೀಲೇನಲೇ? ಭಾರಿ ಐತಿ! ನಮ್ದಕ್ಕ ನಮ್ಮಪ್ಪ ಗುಂಡು ಹಾಕ್ಯಾನ."

"ಯಾರಪ್ಪ?" ಎಂದಳು ಹೊನ್ನೂರಿ.

ಆ ಹುಡುಗ ಮುಖ ಸಣ್ಣದು ಮಾಡಿಕೊಂಡು ಹೋದ. ಸರಿಯಾದ ಪ್ರಶ್ನೆ ಕೇಳುವುದನ್ನು ನಾನು ಕಲಿಸಿದ್ದೇನೆ.

ಒಂದೊಂದಾಗಿ ಉಳಿದವರೆಲ್ಲ ಹೊರಬಿದ್ದು, ಕೊನೆಗೆ ಹೊನ್ನೂರಿ, ಉಚ್ಚೆಂಗಿ ಇಬ್ಬರೇ ಉಳಿದರು. ಇಷ್ಟನ್ನೂ ನಾನೇ ಬರೆದು ಆಡಿಸಿದಂತಿತ್ತು. ಸೈಕಲ್ಲಿನವನು ಪ್ರತಿ ಓಟಕ್ಕೆ ಮುನ್ನ ಗಾಲಿಗಳಿಗೆ ಹೊಸ ಗ್ರೀಸು ಮೆತ್ತುತ್ತಿದ್ದ. ಗೋದಾಮಿನಲ್ಲಿ ಹಾರುವ ಹತ್ತಿಯೆಲ್ಲ ಆ ಗ್ರೀಸಿಗೆ ಅಂಟುತ್ತಿರುವುದನ್ನು ನಾನು ಎರಡನೆಯ ಓಟದಲ್ಲೇ ಕಂಡಿದ್ದೆ. ಅವನು ಕಾಣಲಿಲ್ಲ, ಹುಡುಗನ ಬೆನ್ನು ತಟ್ಟುವುದರಲ್ಲಿದ್ದ. ಹೊನ್ನೂರಿ ಮಾತ್ರ ಚಿಟಿಕೆ ಬಳಪದ ಪುಡಿ ಊದಿ, ಗಾಲಿ ತಿರುವಿ, ಕೈ ಕಟ್ಟಿ ನಿಂತಳು.

ಜಡೆಪ್ಪ ಕೆಂಪು ಕರವಸ್ತ್ರ ಬೀಸಿದ. ನೀಲಿ ಗಾಡಿ ಮೊದಲು ಚಿಮ್ಮಿತು. ಅರ್ಧ ಹಾದಿಯಲ್ಲಿ ಅದರ ಹಿಂದಿನ ಗಾಲಿಯೊಂದು ಬತ್ತಿಯಂತೆ ಸುತ್ತಿಕೊಂಡ ಹತ್ತಿಗೆ ಸಿಕ್ಕಿ ಬಿಗಿಯಿತು. ಗಾಡಿ ಓರೆಯಾಗಿ ತೆವಳಿತು. ನಮ್ಮದು ಸದ್ದಿಲ್ಲದೆ ಇಳಿದು ಹೋಗಿ ಕೆಳಗಿನ ಅಂಡಿಗೆಗೆ ಮೂಗು ಹೂತಿತು. ಜನ ಕೂಗಿದರು. ನಾನು ಕೂಗಲಿಲ್ಲ. ನಾನು ನೋಡುತ್ತಿದ್ದದ್ದು ಅವನ ಮುಖವನ್ನು.

ಅಲ್ಲಿ ನಾನು ಬಯಸಿದ್ದು ಇರಲಿಲ್ಲ. ಅವನು ನಗುತ್ತಿದ್ದ! ಉಚ್ಚೆಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ವೇದಿಕೆಯತ್ತ ನುಗ್ಗಿ ಬಂದು, ಇನ್ನೊಂದು ಕೈಯನ್ನು ಹೊನ್ನೂರಿಯ ತಲೆಯ ಮೇಲಿಟ್ಟು, ಎಲ್ಲರಿಗೂ ಕೇಳಿಸುವಂತೆ, "ಇಕಿ ನನ್ನ ಮಗಳ್ರೀ! ಮೊದಲ್ನೇದೂ ನಮ್ದ, ಎರಡ್ನೇದೂ ನಮ್ದ!" ಎಂದ. ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಬಹುಮಾನದ ಬಟ್ಟಲು ಹಿಡಿದಿದ್ದ ಬಾಲಸಂಘದ ಅಧ್ಯಕ್ಷರೂ ನಕ್ಕರು. ಆರು ವರ್ಷದ ಅಪರಾಧ ಒಂದು ಚಪ್ಪಾಳೆಯಲ್ಲಿ ತೊಳೆದು ಹೋಗುತ್ತಿತ್ತು.  

"ಹೌದೇನಮ್ಮಾ, ಇವರು ನಿಮ್ಮ ತಂದೆಯೇ?" ಎಂದು ಅಧ್ಯಕ್ಷರು ಬಗ್ಗಿ ಕೇಳಿದರು.

ಹೊನ್ನೂರಿ ತಲೆಯನ್ನು ಸ್ವಲ್ಪ ಓರೆ ಮಾಡಿ ಆ ಕೈಯ ಅಡಿಯಿಂದ ಹೊರಬಂದಳು.

"ಅಲ್ರಿ. ಇವರು ಈ ಹುಡುಗನ ಕೂಡ ಬಂದೋರು." ಗಾಡಿಯನ್ನು ಎತ್ತಿ ಹಿಡಿದಳು. "ನಮ್ಮಪ್ಪ ಇದರೊಳಗ ಅದಾನ್ರಿ. ಭಾರಕ್ಕ ಹಾಕೀವಿ."

ಕೂಸಿನ ಮಾತೆಂದು ಜನ ಮತ್ತೆ ನಕ್ಕರು. ಅಧ್ಯಕ್ಷರು ಬಟ್ಟಲು ಕೊಟ್ಟರು. ಅವನೂ ನಗಲು ಹೋಗಿ, ಎತ್ತಿ ಹಿಡಿದ ಗಾಡಿಯ ಅಡಿಯಲ್ಲಿ ಕೊಡೆಯ ಕಡ್ಡಿಯನ್ನು ಗುರುತಿಸಿದ. ಮಡಿಸಿದಾಗ ಹಿಡಿಕೆಯ ಹತ್ತಿರ ಬರುವ, ತುದಿ ಗಂಟಾದ ಕಡ್ಡಿ. ಎಷ್ಟು ಸಲ ಬಿಚ್ಚಿ ಮಡಿಸಿದ್ದನೋ. ಕೈ ಗಾಳಿಯಲ್ಲೇ ಉಳಿಯಿತು. ನಾನು ಬಯಸಿದ ಮುಖ ಆಗ ಬಂದಿತು. ಸಂಪೂರ್ಣವಾಗಿ ಬಂದಿತು.

ಪಾರಮ್ಮ ಚಾಪೆಯ ಮೇಲೆ ಬಾಯಿಗೆ ಸೆರಗು ಹಿಡಿದು ಕುಳಿತಿದ್ದಳು.

ಆ ವಾಕ್ಯವನ್ನು ನಾನು ಹೇಳಿಕೊಟ್ಟದ್ದಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ನಾನು ಯೋಚಿಸಿದ್ದರೂ ಅಷ್ಟು ಚೆನ್ನಾಗಿ ಹೇಳಿಕೊಡಲು ಆಗುತ್ತಿರಲಿಲ್ಲ.

ಜುಲೈ ೭, ಸೋಮವಾರ

ಬಟ್ಟಲನ್ನು ಗೋಡೆಯ ಗೂಡಿನಲ್ಲಿಟ್ಟಿದ್ದೇವೆ. ನೆರೆಯವರು ಬಂದು ನೋಡಿ ಹೋದರು. ಹೆಚ್ಚು ಬರೆಯಬೇಕೆಂದಿದ್ದೆ.

ಜುಲೈ ೯, ಬುಧವಾರ

ಸಂಜೆ ಅವನು ಬಂದಿದ್ದ. ಆರು ವರ್ಷದ ಮೇಲೆ ಮೊದಲ ಸಲ. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಕಟ್ಟೆಯ ಕೆಳಗೇ ನಿಂತು, "ಹೊನ್ನೂರೀ" ಎಂದು ಕರೆದ. ನಾನು ಏಳುವ ಮೊದಲೇ ಹೊನ್ನೂರಿ ಬಾಗಿಲಿಗೆ ಹೋದಳು.

"ಯಾರು ಬೇಕಾಗಿತ್ರಿ?"

ಹೆತ್ತವನಿಗೆ ಹೀಗೆ ಬಹುವಚನ ಕೊಟ್ಟು ಮಾತಾಡಿಸಿದ್ದನ್ನು ನಾನು ಎಲ್ಲಿಯೂ ಕೇಳಿಲ್ಲ.

"ನಾನವ್ವಾ. ತಪ್ಪು ನಂದ ಐತಿ, ಅಲ್ಲ ಅನ್ನಂಗಿಲ್ಲ. ಆದ್ರ ಕುರುಗೋಡಾಗ ನಿನ್ನ ಕೇಳಿದ್ದೆ. ಹೆಂಗದಾಳ, ನಾ ಕೇಳಿದೆ ಅಂತ ಹೇಳ್ರಿ ಅಂತ ಅತ್ತಿ ಕೈಯಾಗ ಹೇಳಿ ಕಳಿಸಿದ್ದೆ. ಹೇಳಲಿಲ್ಲೇನು?"

ಹೊನ್ನೂರಿ ತಿರುಗಿ ನನ್ನನ್ನು ನೋಡಿದಳು. ನಾನು ತರಗತಿಯಲ್ಲಿ ಮಕ್ಕಳನ್ನು ನೋಡುತ್ತ ಬಂದ ರೀತಿಯಲ್ಲಿ, ರೆಪ್ಪೆ ಬಡಿಯದೆ. ಆಮೇಲೆ ಅವನ ಕಡೆಗೆ ತಿರುಗಿ, "ಇಲ್ರಿ, ಹೇಳಿಲ್ಲ," ಎಂದು ಬಾಗಿಲು ಹಾಕಿದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಈ ವರ್ಷದ ಮೊದಲ ದೊಡ್ಡ ಮಳೆ. ಕಿಟಕಿಯಿಂದ ನೋಡಿದರೆ ಅವನು ನಿಂತೇ ಇದ್ದ. ಏಕೋ ನನ್ನ ಕೈ ಗೋಡೆಯ ಮೊಳೆಯ ಕಡೆಗೆ ಹೋಯಿತು. ಮೊಳೆ ಬರಿದಾಗಿತ್ತು. ಪಾರಮ್ಮ ಗೋಣಿಚೀಲದ ಕೊಪ್ಪೆಯನ್ನು ಕೊಡವಿ, ನನ್ನ ಪಕ್ಕದಿಂದಲೇ ಹಾದು, ಬಾಗಿಲು ತೆಗೆದು, ಅವನ ತಲೆಯ ಮೇಲೆ ಹಾಕಿ ಬಂದಳು.  ನೆನೆದು ಬಂದವಳನ್ನು ನಾನು ಗದರಿಸಬೇಕಾಗಿತ್ತು, ಮರೆತೆ.

ಈಗ ಮಳೆ ನಿಂತಿದೆ. ಹೊನ್ನೂರಿ ಅಂಗಳದ ಹಸಿಮಣ್ಣು ತಂದು, ದೀಪದ ಹತ್ತಿರ, ನನ್ನ ಎದುರಿಗೇ ಕುಳಿತಿದ್ದಾಳೆ. ಬರುವ ವರ್ಷದ ಪಂದ್ಯಕ್ಕೆ ಈಗಿನಿಂದಲೇ ಸಿದ್ಧತೆಯಂತೆ. ಒಂದು ಗೊಂಬೆ ಮಾಡಿದ್ದಾಳೆ. ಕೈ ಪಳಗಿದೆ. ನೇರವಾದ ಬೆನ್ನು, ತುಂಬು ಸೆರಗು, ಹಿಂದೆ ಗಂಟು ಹಾಕಿದ ಕೂದಲು. ಕೊಡೆಯ ಕಡ್ಡಿಯ ಕಟ್ಟಿನಿಂದ ಒಂದು ಚೂರನ್ನು ಆರಿಸಿ, ಬಾಗಿಸಿ, ಕಣ್ಣಿಗೆ ಕನ್ನಡಕ ಇಟ್ಟಳು.

ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

"ಇಕಿನ್ನ ಗಾಡಿ ಹೊಡಿಯಾಕ ಕೂಡಿಸ್ತೀಯೇನು?" ಎಂದು ಕೇಳಿದೆ.

ಹೊನ್ನೂರಿ ಕೈ ಚಾಚಿ, ನನ್ನ ತಗಡಿನ ತಕ್ಕಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು.